ಹೃದಯಶೂಲೆ ಉಳ್ಳವರ ಮನೆಯ ಆಹಾರಕ್ರಮ

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಧಮನಿಗಳ ಒಳಗೋಡೆಯಲ್ಲಿ ಕೊಬ್ಬಿನಂಶ ಸಂಚಯಗೊಂಡು ಅವು ಕಿರಿದಾದಾಗ, ಶ್ರಮದ ವೇಳೆ ಹೃದಯಕ್ಕೆ ಬೇಕಾದಷ್ಟು ಆಮ್ಲಜನಕ ದೊರೆಯುವುದಿಲ್ಲ. ಆಗ ಎದೆಯ ನಡುವೆ ಬಿಗಿತ, ಭಾರ ಅಥವಾ ಉರಿ ಕಾಣಿಸಿಕೊಂಡು ತೋಳು, ಕುತ್ತಿಗೆ, ದವಡೆಗಳಿಗೆ ಹರಡಬಹುದು. ಇದನ್ನೇ ಹೃದಯಶೂಲೆ ಅಥವಾ ಆಂಜೈನಾ ಎನ್ನುವರು. ಮೆಟ್ಟಿಲು ಹತ್ತುವಾಗ, ಚಳಿಯಲ್ಲಿ ನಡೆಯುವಾಗ, ಸಿಟ್ಟು ಬಂದಾಗ, ಹೊಟ್ಟೆ ಬಿರಿಯುವಂತೆ ಉಂಡ ಮೇಲೆ ಬರುವ ಈ ನೋವು ಸಾಮಾನ್ಯವಾಗಿ ವಿಶ್ರಾಂತಿಯಿಂದ ಕೆಲವೇ ನಿಮಿಷಗಳಲ್ಲಿ ಶಮನವಾಗುತ್ತದೆ.

ಆಹಾರದ ವಿಚಾರಕ್ಕೆ ತೊಡಗುವ ಮುನ್ನ ಒಂದು ಮಾತನ್ನು ಸ್ಪಷ್ಟಪಡಿಸಬಯಸುತ್ತೇವೆ. ಬೆಳ್ಳುಳ್ಳಿ, ಶುಂಠಿ, ನಿಂಬೆರಸದ ಕಷಾಯ ಕುಡಿದರೆ ಧಮನಿಯ ಅಡಚಣೆ ಕರಗುವುದೆಂದು ನಂಬಿ ಮಾತ್ರೆ ಬಿಡುವವರು ಇದ್ದಾರೆ. ಆಗಿರುವ ಅಡಚಣೆಯನ್ನು ಕರಗಿಸುವ ಮನೆಮದ್ದು ಯಾವುದೂ ಇಲ್ಲ. ಪಥ್ಯವು ರಕ್ತದೊತ್ತಡ, ಕೊಲೆಸ್ಟರಾಲ್, ಸಕ್ಕರೆ, ದೇಹತೂಕಗಳನ್ನು ಹತೋಟಿಯಲ್ಲಿಟ್ಟು ರೋಗದ ಮುನ್ನಡೆಯನ್ನು ನಿಧಾನಗೊಳಿಸಬಲ್ಲದು. ಅದು ಚಿಕಿತ್ಸೆಗೆ ಸಹಾಯಕವೇ ಹೊರತು ಬದಲಿಯಲ್ಲ.

ಉಪ್ಪು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಟೀ ಚಮಚದೊಳಗೆ ಉಪ್ಪು ಸಾಕು. ನಮ್ಮ ಜೋಳದ ರೊಟ್ಟಿಗೆ ಉಪ್ಪೇ ಬೇಡ. ಅದು ವರವೇ ಸರಿ. ಆದರೆ ಅದರೊಡನೆ ಬಡಿಸುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿಗಳಲ್ಲಿ ಉಪ್ಪು ಅಡಗಿದೆ. ಇವನ್ನು ದಿನದ ಊಟದಿಂದ ದೂರವಿಡಬೇಕು. ಪೊಟ್ಯಾಷಿಯಂ ಬೆರೆತ ಕಡಿಮೆ ಸೋಡಿಯಂ ಉಪ್ಪನ್ನು ಮೂತ್ರಪಿಂಡದ ತೊಂದರೆ ಉಳ್ಳವರು ಮತ್ತು ರಕ್ತದೊತ್ತಡದ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಬಳಸಬಾರದು.

ಎಣ್ಣೆ ಮತ್ತು ಸಿಹಿ

ಒಬ್ಬರಿಗೆ ದಿನಕ್ಕೆ ಮೂರು ನಾಲ್ಕು ಟೀ ಚಮಚ, ಎಂದರೆ ತಿಂಗಳಿಗೆ ಸುಮಾರು ಅರ್ಧ ಲೀಟರ್ ಎಣ್ಣೆ ಎಂದು ಅಳೆದಿಡುವುದು ಒಳ್ಳೆಯದು. ಶೇಂಗಾ, ಕುಸುಬೆ, ಸೂರ್ಯಕಾಂತಿ ಎಣ್ಣೆಗಳು ಯೋಗ್ಯವಾದವು. ತುಪ್ಪ, ಬೆಣ್ಣೆ, ಕೊಬ್ಬರಿಗಳು ಮಿತವಾಗಿರಲಿ. ವನಸ್ಪತಿಯನ್ನೂ ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಕಾಯಿಸುವುದನ್ನೂ ಪೂರ್ತಿ ಬಿಡಬೇಕು. ಬೆಲ್ಲವೂ ಸಕ್ಕರೆಯಂತೆಯೇ ಸಿಹಿ ಪದಾರ್ಥ. ಹೋಳಿಗೆ ಬೆಲ್ಲದ್ದೆಂಬ ಕಾರಣಕ್ಕೆ ಹೆಚ್ಚು ತಿನ್ನಲಾಗದು.

ಹಿತವಾದುವು

ಹೆಸರು, ಮಡಿಕೆ, ಅಲಸಂದೆ, ಕಡಲೆ ಕಾಳುಗಳ ಪಲ್ಯ, ಮೆಂತ್ಯ, ಜವೆಗೋಧಿಗಳಲ್ಲಿರುವ ನಾರಿನಂಶ ಕೊಲೆಸ್ಟರಾಲನ್ನು ತಗ್ಗಿಸಲು ನೆರವಾಗುತ್ತದೆ. ರಾಜಗಿರಿ, ಪುಂಡಿ, ಹಕ್ಕರಿಕೆ ಸೊಪ್ಪುಗಳು, ಸೌತೆ, ಪೇರಲ, ಪಪ್ಪಾಯಿಗಳು ನಿತ್ಯದ ಊಟದಲ್ಲಿರಲಿ. ಅಗಸಿಯಲ್ಲಿ ಒಮೆಗಾ-3 ಕೊಬ್ಬಿನಾಮ್ಲವಿದೆ. ಉಪ್ಪು ಕಡಿಮೆ ಹಾಕಿ ಕುಟ್ಟಿದ ಅಗಸಿ ಹಿಂಡಿ ಉತ್ತಮ. ಮೈದಾ ಮತ್ತು ಬೇಕರಿಯ ತಿಂಡಿಗಳ ಬದಲು ಜೋಳ, ರಾಗಿ, ಸಜ್ಜೆ, ನವಣೆಗಳನ್ನು ಆಯ್ದುಕೊಳ್ಳಬೇಕು.

ಊಟದ ಪ್ರಮಾಣ

ಭಾರಿ ಊಟದ ಬಳಿಕ ಜೀರ್ಣಾಂಗಗಳಿಗೆ ಹೆಚ್ಚು ರಕ್ತ ಬೇಕಾಗಿ ಹೃದಯದ ದುಡಿಮೆ ಹೆಚ್ಚುತ್ತದೆ. ಆದ್ದರಿಂದ ಎರಡು ಸಲದ ದೊಡ್ಡ ಊಟವನ್ನು ನಾಲ್ಕೈದು ಸಲಕ್ಕೆ ಹಂಚಿಕೊಳ್ಳಬೇಕು. ಉಂಡ ಕೂಡಲೇ ನಡೆಯುವುದು, ಭಾರ ಎತ್ತುವುದು, ಹೊಲದ ಕೆಲಸಕ್ಕೆ ಇಳಿಯುವುದು ಸಲ್ಲದು. ಜಾತ್ರೆ, ಮದುವೆ, ದಾಸೋಹದ ಪಂಕ್ತಿಯಲ್ಲಿ ಪ್ರಸಾದ ಬಿಡಬಾರದೆಂಬ ಭಾವದಿಂದ ಹಿರಿಯರು ಬಡಿಸಿದ್ದನ್ನೆಲ್ಲ ಉಣ್ಣುವುದುಂಟು. ಮೊದಲೇ ಸ್ವಲ್ಪ ನೀಡಿಸಿಕೊಂಡರೆ ಪ್ರಸಾದದ ಗೌರವವೂ ಉಳಿಯುತ್ತದೆ, ದೇಹಕ್ಕೂ ಹಿತ. ಬಡಿಸುವವರೂ ಒತ್ತಾಯ ಮಾಡಬಾರದೆಂದು ಕೋರುತ್ತೇವೆ. ಉಪವಾಸದ ದಿನ ಮಾತ್ರೆ ತಪ್ಪಿಸುವಂತಿಲ್ಲ. ಮಧುಮೇಹ ಉಳ್ಳವರು ವೈದ್ಯರನ್ನು ಕೇಳಿಯೇ ಉಪವಾಸ ಕೈಗೊಳ್ಳಬೇಕು. ತಂಬಾಕು, ಬೀಡಿ, ಗುಟ್ಕಾ ಬಿಡದೆ ಇದ್ದರೆ ಎಷ್ಟು ಪಥ್ಯ ಮಾಡಿದರೂ ಪೂರ್ಣ ಫಲ ದೊರೆಯದು.

ಎಚ್ಚರಿಕೆ

ಎದೆನೋವನ್ನು ವಾಯು, ಗ್ಯಾಸ್ ಎಂದು ಭಾವಿಸಿ ಸೋಡಾ, ಜೀರಿಗೆ ಕಷಾಯ ಕುಡಿದು ಕಾಯುವುದರಿಂದ ಪ್ರಾಣಕ್ಕೇ ಅಪಾಯ. ನೋವು ಬಂದೊಡನೆ ಕೆಲಸ ನಿಲ್ಲಿಸಿ ಕುಳಿತುಕೊಳ್ಳಬೇಕು. ವೈದ್ಯರು ನಾಲಿಗೆಯಡಿ ಇಡುವ ಮಾತ್ರೆ ಕೊಟ್ಟಿದ್ದರೆ ಅವರು ಹೇಳಿದಂತೆ ಬಳಸಬೇಕು. ಐದು ನಿಮಿಷಗಳಲ್ಲಿ ನೋವು ಇಳಿಯದಿದ್ದರೆ, ಸುಮ್ಮನಿರುವಾಗಲೇ ಬಂದರೆ, ಮೊದಲ ಬಾರಿಗೆ ಕಾಣಿಸಿಕೊಂಡರೆ, ಬೆವರು, ಉಬ್ಬಸ, ವಾಂತಿ ಜೊತೆಗೂಡಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಸ್ತ್ರೀಯರಲ್ಲಿ, ವೃದ್ಧರಲ್ಲಿ, ಮಧುಮೇಹಿಗಳಲ್ಲಿ ನೋವಿಲ್ಲದೆ ಬರೀ ಉಬ್ಬಸ ಅಥವಾ ವಿಪರೀತ ಆಯಾಸವೇ ಸೂಚನೆಯಾಗಿರಬಹುದು. ಈ ಸಂಗತಿಯನ್ನು ರೋಗಿಗಿಂತ ಮೊದಲು ಮನೆಯವರೆಲ್ಲರೂ ಅರಿತಿರಬೇಕೆಂಬುದು ನಮ್ಮ ವಿನಂತಿ.