ಅರ್ಧ ಸತ್ಯಕ್ಕೆ ಮಾತ್ರ ಅನುಮತಿ

ಉರ್ದು ಮತ್ತು ಕನ್ನಡ ಎರಡರಲ್ಲೂ ಓದಿ ಬೆಳೆದ ನಮಗೆ 1971ರ ಪೂರ್ವ ಪಾಕಿಸ್ತಾನವು ಎರಡು ಬೇರೆ ಬೇರೆ ಕತೆಗಳಾಗಿ ಸಿಕ್ಕಿತು. ಮನೆಯ ಹಿರಿಯರು ಉರ್ದುವಿನಲ್ಲಿ ಹೇಳುತ್ತಿದ್ದುದು ಬಂಗಾಳಿಗಳ ಕೈಯಲ್ಲಿ ಸತ್ತ ಬಿಹಾರಿ ಮುಸ್ಲಿಮರ ಕತೆ. ಕನ್ನಡದಲ್ಲಿ ನಾವು ಓದಿದ್ದು ಪಾಕಿಸ್ತಾನಿ ಸೇನೆ ಕೊಂದ ಬಂಗಾಳಿಗಳ ಕತೆ. ಎರಡೂ ನಿಜವೇ. ಆದರೆ ಒಂದು ಕತೆಯಲ್ಲಿ ಇನ್ನೊಂದರ ಸುಳಿವೇ ಇರುತ್ತಿರಲಿಲ್ಲ. ಹೀಗೇಕಾಯಿತು?

1970ರ ಡಿಸೆಂಬರ್ ಚುನಾವಣೆಯಲ್ಲಿ ಶೇಖ್ ಮುಜೀಬುರ್ ರಹಮಾನರ ಅವಾಮಿ ಲೀಗ್ ಬಹುಮತ ಗಳಿಸಿದರೂ ಜನರಲ್ ಯಾಹ್ಯಾ ಖಾನ್ ಅಧಿಕಾರ ಬಿಟ್ಟುಕೊಡಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಸೇನೆ ಢಾಕಾದ ಮೇಲೆರಗಿತು. ಅದೇ ರಾತ್ರಿ ವಿದೇಶಿ ಪತ್ರಕರ್ತರನ್ನು ಇಂಟರ್‌ಕಾಂಟಿನೆಂಟಲ್ ಹೋಟೆಲಿನಿಂದ ಹೊರಗೆ ಕಾಲಿಡದಂತೆ ತಡೆಯಲಾಯಿತು. ಬಳಿಕ ಅವರ ಟಿಪ್ಪಣಿ, ಫಿಲ್ಮುಗಳನ್ನು ಕಿತ್ತುಕೊಂಡು ದೇಶದಿಂದಲೇ ಹೊರಹಾಕಲಾಯಿತು. ಆದರೆ 26ರ ಹರೆಯದ ಬ್ರಿಟಿಷ್ ವರದಿಗಾರ ಸೈಮನ್ ಡ್ರಿಂಗ್ ಹೋಟೆಲಿನ ಛಾವಣಿಯಲ್ಲಿ ಅಡಗಿ ಕುಳಿತರು. ಕರ್ಫ್ಯೂ ಸಡಿಲಾದಾಗ ಸುಟ್ಟ ಓಣಿಗಳನ್ನೂ ವಿಶ್ವವಿದ್ಯಾಲಯದ ವಸತಿಗೃಹಗಳಲ್ಲಿ ಬಿದ್ದಿದ್ದ ಹೆಣಗಳನ್ನೂ ಕಣ್ಣಾರೆ ಕಂಡರು. ಮಾರ್ಚ್ 30ರಂದು ಅವರ ವರದಿ ಲಂಡನ್ನಿನ 'ಡೈಲಿ ಟೆಲಿಗ್ರಾಫ್'ನಲ್ಲಿ ಪ್ರಕಟವಾಯಿತು.

ಆಮೇಲೆ ಸೇನಾಡಳಿತ ಇನ್ನೊಂದು ಉಪಾಯ ಹೂಡಿತು. ಏಪ್ರಿಲ್‌ನಲ್ಲಿ ತನ್ನದೇ ದೇಶದ ಎಂಟು ಪತ್ರಕರ್ತರನ್ನು ಹತ್ತು ದಿನಗಳ ಪ್ರವಾಸಕ್ಕೆ ಕರೆದೊಯ್ದಿತು. ಏಳು ಮಂದಿ ಹೇಳಿದಂತೆ ಬರೆದರು. ಎಂಟನೆಯವರು ಆಂಥನಿ ಮಸ್ಕರೇನ್ಹಸ್. ನಮ್ಮ ಬೆಳಗಾವಿಯಲ್ಲಿ ಹುಟ್ಟಿ ಕರಾಚಿಯಲ್ಲಿ ಓದಿ ಅಲ್ಲಿನ 'ಮಾರ್ನಿಂಗ್ ನ್ಯೂಸ್'ನಲ್ಲಿ ದುಡಿಯುತ್ತಿದ್ದ ಗೋವಾ ಮೂಲದ ಕ್ರೈಸ್ತರು. ಕೊಮಿಲ್ಲಾದಲ್ಲಿ ಸೇನಾಧಿಕಾರಿಗಳ ಜೊತೆಗಿದ್ದು, ಯಾರನ್ನು ಕೊಲ್ಲಬೇಕೆಂದು ಅವರು ತೀರ್ಮಾನಿಸುವುದನ್ನು ಕಂಡರು. ಸಹೋದರಿಗೆ ಕಾಯಿಲೆ ಎಂಬ ನೆಪ ಹೇಳಿ ಲಂಡನ್ನಿಗೆ ಹೋಗಿ 'ಸಂಡೇ ಟೈಮ್ಸ್' ಸಂಪಾದಕ ಹೆರಾಲ್ಡ್ ಇವಾನ್ಸ್‌ರನ್ನು ಕಂಡರು. ಅನುಮಾನ ಬಾರದಿರಲೆಂದು ಮರಳಿ ಬಂದು, ಮಡದಿ ಮಕ್ಕಳನ್ನು ಮೊದಲು ಕಳುಹಿಸಿ, ತಾವು ಗಡಿ ದಾಟಿ ಅಫ್ಘಾನಿಸ್ತಾನ ಸೇರಿದರು. ಜೂನ್ 13ರಂದು ಪ್ರಕಟವಾದ ಆ ವರದಿಯ ಶೀರ್ಷಿಕೆ ಒಂದೇ ಪದ: 'ನರಮೇಧ'.

ಆ ವರದಿಯಲ್ಲಿ ಬಿಹಾರಿ ಮುಸ್ಲಿಮರ ಕೊಲೆಗಳೂ ಇವೆ. ಬಂಗಾಳಿಯೇತರರ ಮೇಲಿನ ಈ ದಾಳಿಯ ವಿಷಯ ಜಗತ್ತಿಗೆ ತಿಳಿಯಲು ಪಾಕಿಸ್ತಾನ ಸರ್ಕಾರ ಅನುಮತಿ ಕೊಟ್ಟಿತ್ತೆಂದು ಮಸ್ಕರೇನ್ಹಸ್ ಅಲ್ಲೇ ಹೇಳುತ್ತಾರೆ. ಸೇನೆ ನಡೆಸಿದ ಸಂಹಾರಕ್ಕೆ ಮಾತ್ರ ಆ ಅನುಮತಿ ಇರಲಿಲ್ಲ. ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಹಿರಿಯರು ನಮಗೆ ಸುಳ್ಳು ಹೇಳಲಿಲ್ಲ. ಅವರ ಕಿವಿಗೆ ಬಿದ್ದದ್ದು ಅನುಮತಿ ಪಡೆದ ಅರ್ಧ ಮಾತ್ರ. ಸತ್ತ ಬಿಹಾರಿಗಳನ್ನೇ ಪರದೆಯಾಗಿಸಿ ಬಂಗಾಳಿಗಳ ಹೆಣಗಳನ್ನು ಮರೆಮಾಡಲಾಗಿತ್ತು. ಕೊಂದವರು, ಸತ್ತವರು, ಎರಡೂ ಕಡೆ ಮುಸ್ಲಿಮರೇ ಬಹಳವಿದ್ದರು. ಹಿಂದೂಗಳನ್ನಂತೂ ಸೇನೆ ಹುಡುಕಿ ಹುಡುಕಿ ಕೊಂದಿತು.

ಹೊರಗಿನ ಕಣ್ಣುಗಳನ್ನು ಅಟ್ಟಿದ ಮೇಲೆ ಒಳಗಿನ ಕಣ್ಣುಗಳಿಗೆ ಯಾರ ರಕ್ಷಣೆ? 1971ರ ಡಿಸೆಂಬರ್‌ನಲ್ಲಿ 'ಇತ್ತೆಫಾಕ್'ನ ಸಿರಾಜುದ್ದೀನ್ ಹುಸೇನ್, 'ಸಂಗ್ಬಾದ್'ನ ಶಹೀದುಲ್ಲಾ ಕೈಸರ್ ಅವರನ್ನು ಸೇನೆಯ ಬೆಂಬಲಿಗರಾದ ಅಲ್-ಬದ್ರ್ ತಂಡದವರು ಮನೆಯಿಂದಲೇ ಎಳೆದೊಯ್ದರು. ಅವರು ಮರಳಲಿಲ್ಲ.

ಈ ಪದ್ಧತಿ 1971ಕ್ಕೆ ಮುಗಿಯಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಆರಂಭವಾದ ಬಳಿಕ ಇಸ್ರೇಲ್ ಕೂಡ ವಿದೇಶಿ ಪತ್ರಕರ್ತರಿಗೆ ಗಾಝಾದ ಬಾಗಿಲು ಮುಚ್ಚಿ, ಆಯ್ದ ಕೆಲವರನ್ನು ಸೇನೆಯ ಬೆಂಗಾವಲಿನಲ್ಲಿ ಕರೆದೊಯ್ದು ತೋರಿಸಿತು. ಒಳಗಿದ್ದು ಬರೆದ ಫೆಲೆಸ್ತೀನಿ ಪತ್ರಕರ್ತರು ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಸತ್ತರು. ಗಾಝಾದ ಬಾಗಿಲು ಮುಚ್ಚಿದ್ದಕ್ಕೆ ನಾವು ಸಿಟ್ಟಾಗುತ್ತೇವೆ, ಆಗಲೇಬೇಕು. ಆದರೆ ಢಾಕಾದ ಬಾಗಿಲು ಮುಚ್ಚಿದವರು ನಮ್ಮವರೆನಿಸಿಕೊಂಡವರು. ಆ ಬಾಗಿಲ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತಾಡಿದಾಗ ಮಾತ್ರ ನಮ್ಮ ಸಿಟ್ಟಿಗೆ ಬೆಲೆ ಬರುತ್ತದೆ.