ಚಕ್ಕರ, ಜೋಲಿ ಮತ್ತು ಎರೆಹೊಲದ ಒಡ್ಡು

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಯ ಆಡುಮಾತಿನಲ್ಲಿ ಸುತ್ತಲಿನದೆಲ್ಲ ತಿರುಗಿದಂತಾದರೆ ಅದು ಚಕ್ಕರ, ನಡೆಯುವಾಗ ಮೈ ಒಂದು ಬದಿಗೆ ವಾಲಿದರೆ ಅದು ಜೋಲಿ. ಪೆಟ್ಟು ತಿಂದವನ ಈ ಎರಡು ದೂರುಗಳ ಮೂಲವನ್ನು ಬೇರೆ ಬೇರೆಯಾಗಿ ಹುಡುಕಲು ವೈದ್ಯಶಾಸ್ತ್ರಕ್ಕೆ ಬಹುಕಾಲ ಹಿಡಿಯಿತು. ಮೈಯ ಸಮತೋಲವನ್ನು ಕಣ್ಣು, ಒಳಗಿವಿ, ಅಂಗಾಲು-ಕೀಲುಗಳ ಅರಿವು ಈ ಮೂರೂ ಕೂಡಿ ಕಾಯುತ್ತವೆ. ಪಾದ ಜೋಡಿಸಿ ಕಣ್ಣು ಮುಚ್ಚಿಸಿ ನಿಲ್ಲಿಸುವ ಪರೀಕ್ಷೆ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರೊಂಬರ್ಗ್‌ನ ಹೆಸರಿನಲ್ಲಿದ್ದು, ಕಣ್ಣಿನ ಆಸರೆ ತಪ್ಪಿದಾಗ ಉಳಿದೆರಡರ ಬಲವೆಷ್ಟೆಂಬುದನ್ನು ಅದು ಬಯಲು ಮಾಡುತ್ತದೆ. ಕಿವಿಗೆ ತಣ್ಣೀರು, ಬಿಸಿನೀರು ಬಿಟ್ಟು ಕಣ್ಣುಗುಡ್ಡೆಗಳ ಅದುರುವಿಕೆಯನ್ನು ನೋಡುವ ಕ್ರಮವನ್ನು ಕಂಡುಹಿಡಿದ ಬಾರಾನಿಗೆ 1914ರ ನೊಬೆಲ್ ಪ್ರಶಸ್ತಿ ಸಂದಿತು.

ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾಗಿ ಮುಂದೆ ಕಿಮ್ಸ್ ಎನಿಸಿಕೊಂಡ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಹೇರಿದ ಚಕ್ಕಡಿಯಿಂದ, ಮರದಿಂದ, ಆಮೇಲಿನ ದಿನಗಳಲ್ಲಿ ಟ್ರ್ಯಾಕ್ಟರಿನಿಂದ, ಬೈಕಿನಿಂದ ಬಿದ್ದವರಿಗೆ ದೊಡ್ಡ ಆಸರೆಯಾಯಿತು. ರಾಜ್ಯದಲ್ಲಿ 2008ರ ನವೆಂಬರ್ 1ರಂದು 108 ಆಂಬುಲೆನ್ಸ್ ಸೇವೆ ಆರಂಭವಾದ ಮೇಲೆ ಹಳ್ಳಿಯಿಂದ ಅಲ್ಲಿಗೆ ದಾರಿ ಹತ್ತಿರವಾಯಿತು. ಅಪಘಾತ ವಿಭಾಗದ ಚಿಂತೆ ಮೊದಲು ಉಸಿರು, ರಕ್ತ, ಎಚ್ಚರ, ಅದು ಸಹಜವೇ. ಆದರೆ ಎಚ್ಚರವನ್ನು 3ರಿಂದ 15ರವರೆಗೆ ಅಳೆಯುವ, 1974ರಲ್ಲಿ ರೂಪುಗೊಂಡ ಗ್ಲಾಸ್ಗೊ ಮಾಪನದಲ್ಲಿ ಪೂರ್ತಿ 15 ಅಂಕ ಪಡೆದವನೂ ಮಂಚದಿಂದ ಇಳಿದೊಡನೆ ಗೋಡೆ ಹಿಡಿಯಬಹುದೆಂಬುದನ್ನು ಆ ಅಂಕ ಹೇಳುವುದಿಲ್ಲ.

ತಲೆಗೆ ಬಿದ್ದ ಏಟಿನಿಂದ ಒಳಗಿವಿಯ ಸೂಕ್ಷ್ಮವಾದ ಸುಣ್ಣದ ಹರಳುಗಳು ಕಿತ್ತು ಅರೆವರ್ತುಲ ನಾಳಗಳಿಗೆ ಜಾರುವುದುಂಟು. ರೋಗಿಯ ತಲೆಯನ್ನು ಒಂದು ಬದಿಗೆ ಹೊರಳಿಸಿ, ಮಂಚದ ಅಂಚಿನಿಂದ ತುಸು ಕೆಳಗೆ ಜೋಲುವಂತೆ ಥಟ್ಟನೆ ಮಲಗಿಸಿದರೆ, ಕೆಲವು ಕ್ಷಣಗಳಲ್ಲಿ ಕಣ್ಣುಗುಡ್ಡೆಗಳು ಅದುರತೊಡಗಿ ಆ ಗುಟ್ಟನ್ನು ರಟ್ಟು ಮಾಡುತ್ತವೆ; ಇದನ್ನು 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದರು. ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳನ್ನು ಸ್ವಸ್ಥಾನಕ್ಕೆ ಮರಳಿಸುವ ಎಪ್ಲಿಯ ವಿಧಾನಕ್ಕೆ ಔಷಧವೂ ಬೇಡ, ಯಂತ್ರವೂ ಬೇಡ. ಎಲ್ಲ ಚಕ್ಕರವೂ ಹರಳಿನದಲ್ಲ. ಮಿದುಳಿಗೇ ಪೆಟ್ಟಾದವರಿಗೆ ದೀರ್ಘ ಅಭ್ಯಾಸ ಬೇಕು. ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ಕಾಥಾರ್ನ್ ಮತ್ತು ಕುಕ್ಸಿ ಹೆಣೆದ ವ್ಯಾಯಾಮಗಳು ಮಲಗಿದಲ್ಲೇ ಕಣ್ಣು ಹೊರಳಿಸುವುದರಿಂದ ತೊಡಗಿ ಚೆಂಡಾಟ, ಇಳಿಜಾರಿನ ನಡಿಗೆಯವರೆಗೆ ಏರುತ್ತವೆ. ಚಕ್ಕರಕ್ಕೆ ಹೆದರಿ ಹಾಸಿಗೆ ಹಿಡಿದವನಿಗಿಂತ ಅದನ್ನು ತುಸು ಸಹಿಸಿ ಓಡಾಡಿದವನೇ ಬೇಗ ಸುಧಾರಿಸುತ್ತಾನೆಂಬುದು ಅವರ ಅನುಭವವಾಗಿತ್ತು.

ಆಸ್ಪತ್ರೆಯ ನಯವಾದ ನೆಲದ ಮೇಲೆ ನೆಟ್ಟಗೆ ನಡೆದು ತೋರಿಸಿದ ನವಲಗುಂದದ ರೈತ ಮರಳುವುದು ಎರೆಹೊಲಕ್ಕೆ. ಮಳೆಗಾಲದಲ್ಲಿ ಆ ಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆಯ ಭಾರವನ್ನೇ ಬದಲಿಸುತ್ತದೆ, ಬೇಸಗೆಯಲ್ಲಿ ಬಿರುಕು ಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಕಿರಿದಾದ ಒಡ್ಡಿನ ಮೇಲೆ ಮನೆಯತ್ತ ಹೊರಟಾಗ ಕಣ್ಣಿಗೆ ದಾರಿ ಮಸುಕಾಗಿ, ಮೆತ್ತನೆಯ ಮಣ್ಣು ಅಂಗಾಲನ್ನೂ ಮೋಸಗೊಳಿಸಿ, ಭಾರವೆಲ್ಲ ಆ ಪೆಟ್ಟು ತಿಂದ ಒಳಗಿವಿಯ ಮೇಲೆಯೇ ಬೀಳುತ್ತದೆ.