ಎರಡನೇ ಸಾಕ್ಷಿ ಎಲ್ಲಿ ಸ್ವಾಮಿ?

ಹರಿಹರೇಶ್ವರನಿಗೆ ಕೈ ಮುಗಿದು ನಾನು ನೋಡೋದು ಅಲ್ಲಿನ ಶಾಸನಗಳನ್ನ. ಯಾವ ಭೂಮಿ, ಯಾರಿಗೆ ದಾನ, ಅಳಿಪಿದವನಿಗೆ ಏನು ಶಾಪ, ಎಲ್ಲವೂ ಕಲ್ಲಿನ ಮೇಲೆ. ಆಸ್ತಿಪತ್ರ ಬರೆಯೋದು ನಮ್ಮಲ್ಲಿ ಅಷ್ಟು ಹಳೇ ಕಸುಬು.

ಇವತ್ತು ಆ ಕಸುಬು ದಾವಣಗೆರೆ, ಹರಿಹರದ ಪತ್ರ ಬರಹಗಾರರ ಕೈಯಲ್ಲಿದೆ. 1908ರ ನೋಂದಣಿ ಕಾಯ್ದೆ ಈ ಕಸುಬಿಗೆ ಬಲ ಕೊಟ್ಟಿತು, 1979ರ ರಾಜ್ಯದ ನಿಯಮ ಲೈಸೆನ್ಸ್ ಕೊಟ್ಟಿತು. ರಾಜ್ಯದಲ್ಲಿ ಇವರ ಸಂಘ, ಒಕ್ಕೂಟಗಳೂ ಹುಟ್ಟಿದವು. 2023ರಲ್ಲಿ ಕಾವೇರಿ 2.0 ಬಂತು. ದಾಖಲೆಯನ್ನ ಜನ ತಾವೇ ಆನ್‌ಲೈನ್‌ನಲ್ಲಿ ಹಾಕಬಹುದು ಅಂತಾಯ್ತು. ಹೊಟ್ಟೆಪಾಡಿಗಾಗಿ ಬರಹಗಾರರು ಬೀದಿಗಿಳಿದರು.

ಲಂಡನ್‌ನಲ್ಲಿ ಏನಾಯ್ತು ನೋಡಿ. ಉಯಿಲು, ಟ್ರಸ್ಟ್ ಕೆಲಸ ಮಾಡುವವರು 1991ರಲ್ಲಿ 'ಸ್ಟೆಪ್' ಅನ್ನೋ ಸಂಘ ಕಟ್ಟಿದರು. ಪಾಠ, ಪರೀಕ್ಷೆ, ನಡತೆಯ ನಿಯಮ ತಂದರು. ನಮ್ಮವರಿಗೆ ಲೈಸೆನ್ಸ್ ಸಿಕ್ಕಿತು, ಇಂಥ ನಿರಂತರ ಪಾಠ ಸಿಗಲಿಲ್ಲ.

ಇದರಿಂದ ನಿಮಗೇನು ಅಂತೀರಾ? ನಮ್ಮ ದೊಡ್ಡಪ್ಪ ಯಾರನ್ನೂ ಕೇಳದೆ ಉಯಿಲು ಬರೆದಿಟ್ಟರು. ಸ್ವಂತ ದುಡಿಮೆಯ ಮನೆ ಪೂರ್ತಿ ದೊಡ್ಡಮ್ಮನಿಗೆ. ಮುತ್ತಿನಂಥ ಅಕ್ಷರ, ಆದರೆ ಸಾಕ್ಷಿ ಒಬ್ಬರೇ! ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೆ 1925ರ ಉತ್ತರಾಧಿಕಾರ ಕಾಯ್ದೆ ಇಬ್ಬರು ಸಾಕ್ಷಿ ಕೇಳುತ್ತೆ. ಉಯಿಲು ಬಿದ್ದುಹೋಯ್ತು. ಮನೆ ಮೂರು ಪಾಲಾಯ್ತು, ಇಬ್ಬರು ಅಣ್ಣಂದಿರು ಮಾತು ಬಿಟ್ಟರು.

ನುರಿತ ಪತ್ರ ಬರಹಗಾರರಾಗಿದ್ದರೆ ಮೊದಲು ಕೇಳುತ್ತಿದ್ದದ್ದೇ ಎರಡನೇ ಸಾಕ್ಷಿಯನ್ನ. ಅದಕ್ಕೇ ಸಂಘದವರಿಗೆ ನನ್ನ ಮನವಿ: ಬೇಡಿಕೆ ಪಟ್ಟಿಯಲ್ಲಿ ತರಬೇತಿಯನ್ನೂ ಬರೆಯಿರಿ. ಸರ್ಕಾರವೇ, ಅದನ್ನ ಮೊದಲು ಓದಿ.